ಒಂಬತ್ತು, ಇಪ್ಪತ್ತೆರಡು

ಮಂಡ್ಯದ ಗುತ್ತಲು ರಸ್ತೆಯಲ್ಲಿ ಅಮ್ಮ ರವಿಕೆ ಹೊಲಿಯುತ್ತಿದ್ದಳು.
ಕಾಜಾ ಕತ್ತರಿಸುವ ಅವಳ ಚಿಕ್ಕ ಕತ್ತರಿಯನ್ನು
ಎಂಬತ್ತೆರಡರಲ್ಲಿ ಕೇಳಿ ತಂದೆ, ಮಾನಸಗಂಗೋತ್ರಿಗೆ.
"ಏನ್ ಕತ್ತರಿಸ್ತೀಯವ್ವ ಅಲ್ಲಿ?"
"ವರ್ಣತಂತು" ಅಂದೆ, ಪಠ್ಯಪುಸ್ತಕದ ಗತ್ತಿನಲ್ಲಿ.
ಗಳಿಗೆ ಯೋಚಿಸಿ ಅಂದಳು: "ಬಣ್ಣದ ನೂಲಾ? ಹಂಗನ್ನು ಮತ್ತೆ."

ಆಮೇಲೆ ಯಾರಿಗೂ ಅಷ್ಟು ಬೇಗ ಅರ್ಥವಾಗಲಿಲ್ಲ.

ಬುಧವಾರ ಬೆಳಗಿನ ಪ್ಯಾಸೆಂಜರಿನಲ್ಲಿ
ನನ್ನ ಜೊತೆ ಥರ್ಮಾಸಿನಲ್ಲಿ ಕೂತು ಬರುತ್ತಿತ್ತು ರಕ್ತ.
ಕಾಫಿಯೆಂದು ತಿಳಿದು ಪಕ್ಕದವರೊಬ್ಬರು
"ಒಂದ್ ಗುಟುಕು ಮಿಕ್ಕಿದ್ರೆ ಕೊಡಿ" ಅಂದದ್ದೂ ಉಂಟು.
ಪಟ್ಟಣದ ಸೇತುವೆಯ ಮೇಲೆ ಎಲ್ಲರೂ
ಕಾವೇರಿಗೆ ಕಾಸು ಎಸೆಯುವಾಗ
ನಾನು ಮುಚ್ಚಳ ಬಿಗಿ ಮಾಡಿಕೊಳ್ಳುತ್ತಿದ್ದೆ.

ಕಣಗಳಿಗೆ ಮೂವತ್ತೇಳು ಡಿಗ್ರಿಯ ಪೆಟ್ಟಿಗೆ.
ಕರೆಂಟು ಹೋದೊಂದು ರಾತ್ರಿ
ಕುಕ್ಕರಹಳ್ಳಿ ಏರಿಯ ಮೇಲೆ ಟಾರ್ಚು ಹಿಡಿದು ಓಡಿದೆ.
ಕಾವಲಿನ ಚೆಲುವರಾಜು ಏನೂ ಕೇಳದೆ ಬೀಗ ತೆಗೆದ.
ನಳಿಕೆಗಳನ್ನು ಸೆರಗಿನಲ್ಲಿ ಸುತ್ತಿ ಹೊಟ್ಟೆಗೊತ್ತಿಕೊಂಡು
ಬೆಳಗಿನವರೆಗೆ ಕೂತೆ. ನನ್ನ ಮೈಯೂ ಮೂವತ್ತೇಳೇ ತಾನೆ.
(ಹೆರದವಳು ನಾನು. ಯಾರಾದರೂ ಕವಿತೆ ಮಾಡಿಬಿಟ್ಟಾರೆಂದು
ಇದನ್ನು ಹೇಳಿಕೊಂಡಿರಲಿಲ್ಲ.)

ಬೇಲಿಯ ಮೇಲಿನ ಗೌರಿ ಹೂವಿಲ್ಲವೆ, ಅದರ ಗೆಡ್ಡೆಯ ವಿಷವೇ
ಒಡೆಯುತ್ತಿರುವ ಕಣವನ್ನು ಅರ್ಧದಲ್ಲಿ ಹಿಡಿದು ನಿಲ್ಲಿಸುವುದು.
ತೆಳು ಉಪ್ಪುನೀರು ಕುಡಿದು ಅದು ಉಬ್ಬಬೇಕು.
ಎರಡಡಿ ಮೇಲಿಂದ ತಣ್ಣನೆ ಗಾಜಿಗೆ ಒಂದೇ ಹನಿ.
ಪಟ್ಟನೆ ಬಿಚ್ಚಿ ಹರಡುತ್ತವೆ ನಲವತ್ತಾರು.

ಫೋಟೋ ತೊಳೆದು, ಒಣಗಿಸಿ, ಒಂದೊಂದೇ ಕತ್ತರಿಸಿ,
ಉದ್ದದವು ಮೊದಲು, ಗಿಡ್ಡವು ಕೊನೆಗೆ,
ಮೈದಾ ಅಂಟಿನಲ್ಲಿ ಜೋಡಿ ಜೋಡಿ ಹಚ್ಚಿದೆ, ಹದಿನೆಂಟು ವರ್ಷ.
ಫ್ಯಾನು ಹಾಕುವಂತಿಲ್ಲ. ಒಮ್ಮೆ ಸೀನಿದೆ ನೋಡಿ,
ಒಂದು ಇಪ್ಪತ್ತೊಂದು ಸಿಗಲೇ ಇಲ್ಲ;
ಚಪ್ಪಲಿಗೆ ಅಂಟಿಕೊಂಡು ಮನೆಗೇ ಬಂದಿತ್ತು.

ಸ್ಲೈಡು ನಾನ್ನೂರ ಹದಿನೇಳು. ಮಾಯಿಗಯ್ಯ,
ಸಕ್ಕರೆ ಕಾರ್ಖಾನೆಯ ತೂಕದ ಮನೆಯವರು,
ಕಬ್ಬಿನ ಗಾಡಿಯನ್ನು ಕಣ್ಣಲ್ಲೇ ತೂಗಬಲ್ಲವರು.
"ನನ್ ರಕ್ತ ಎಷ್ಟ್ ತೂಗ್ತು ಮೇಡಂ?"
ಒಂಬತ್ತರ ತುದಿ ಹರಿದು ಇಪ್ಪತ್ತೆರಡಕ್ಕೆ,
ಇಪ್ಪತ್ತೆರಡರದು ಒಂಬತ್ತಕ್ಕೆ.
ಯಾರದೋ ತೋಳು ಇನ್ಯಾರದೋ ರವಿಕೆಗೆ ಹೊಲಿದಂತೆ.
ತಪ್ಪು ನನಗೆ ಕಂಡಿತು,
ಬಿಚ್ಚುವ ಕೈ ಯಾರಿಗೂ ಇರಲಿಲ್ಲ.
'ಖಚಿತ' ಎಂದು ಬರೆದು ಸಹಿ ಹಾಕಿದೆ.
ಮೂರನೆಯ ವರ್ಷ ಕಬ್ಬು ಅರೆಯುವ ಹೊತ್ತಿಗೆ ಅವರಿರಲಿಲ್ಲ.
ನನ್ನ ಪ್ರಬಂಧದ ಎರಡನೇ ಕೋಷ್ಟಕದಲ್ಲಿ ಇದ್ದಾರೆ:
ಪುರುಷ, ಐವತ್ತೊಂದು.

ಮಾತ್ರೆ ಬಂದದ್ದು ನಮ್ಮ ಬೀದಿಯಿಂದಲ್ಲ.
ಎಲ್ಲೋ ಯಾರೋ, ಆ ತಪ್ಪು ಹೊಲಿಗೆಯ ಕಾಜಾಕ್ಕೇ
ಸರಿಯಾಗಿ ಕೂರುವ ಗುಂಡಿಯೊಂದನ್ನು ಕಡೆದರು.
ನಾನು ಎಣಿಸುವವಳು. ಎಣಿಸುತ್ತಲೇ ಇದ್ದೆ.

ರಾಜೀವನಗರದ ಜಬೀನ್ ತಾಜ್, ಊದುಬತ್ತಿ ಹೊಸೆಯುವವಳು,
ಹನ್ನೊಂದನೇ ವರ್ಷ ಮಾತ್ರೆ ನುಂಗುತ್ತ ನನ್ನ ಮೇಲೆ ರೇಗುತ್ತಾಳೆ:
"ಕಣ್ಣು ಊದ್ಕೊಳ್ತದೆ, ಕಾಲು ಹಿಡ್ಕೊಳ್ತದೆ,
ಮಗಳ ಮದುವೆ ಫೋಟೋದಲ್ಲೆಲ್ಲಾ ನಿದ್ದೆ ಮಾಡ್ದಂಗಿದೀನಿ!"
ಬೈಯಮ್ಮ, ಇನ್ನಷ್ಟು ಬೈ.
ಹನ್ನೊಂದು ವರ್ಷದ ಈ ಬೈಗುಳ
ಮಾಯಿಗಯ್ಯನವರ ಬಾಯಿಗೆ ದಕ್ಕಲಿಲ್ಲ.

ಈಗ ಹುಡುಗಿಯರು ಪರದೆಯ ಮೇಲೇ ಎಳೆದು ಜೋಡಿಸುತ್ತಾರೆ,
ಸೀನಿದರೂ ಏನೂ ಹಾರುವುದಿಲ್ಲ.
ಕತ್ತರಿ ನನ್ನ ಅಡುಗೆಮನೆಯಲ್ಲಿದೆ,
ತಿರುಗಣಿಯಲ್ಲಿ ಇನ್ನೂ ಹಳೇ ಮೈದಾ.
ಹಾಲಿನ ಪ್ಯಾಕೆಟ್ಟಿಗೆ ಅದನ್ನೆತ್ತಿಕೊಂಡ ಪುಟ್ಟಲಕ್ಷ್ಮಿಗೆ ಹೇಳುತ್ತೇನೆ,
ಮೂಲೆ ಪೂರ್ತಿ ಕತ್ತರಿಸಬೇಡವೇ, ಅಂಟಿಕೊಂಡೇ ಇರಲಿ.
ಹರಿದ ಚೂರು ಎಲ್ಲಿ ಹೋಗಿ
ಯಾತಕ್ಕೆ ಸೇರುತ್ತದೋ, ಕಂಡವರಾರು.